ಬಾನೆಟ್ ಮೇಲೆ ಅಂಗೈ

ನನಗೆ ನೌಕರಿಯಲ್ಲಿ ಎರಡು ಸಲ ಬಡ್ತಿ ಸಿಕ್ಕಿತು. ಆ ವಿಷಯ ಇಷ್ಟೇ ಸಾಕು. ಹಳೆಯ ಗಾಡಿಯನ್ನು ತಟ್ಟಿ, ಮೂಸಿ, ಓಡಿಸಿ ನೋಡಿ ಕೊಳ್ಳಬಹುದೋ ಬಾರದೋ ಎಂದು ಹೇಳುವ ಕೆಲಸಕ್ಕೆ ಹೊಸದಾಗಿ ಬರುವ ಹುಡುಗರು ನನ್ನನ್ನು ಕೇಳುವುದು ಬಡ್ತಿಯ ಬಗ್ಗೆ ಅಲ್ಲ, ಮೊದಲು ಏನು ನೋಡಬೇಕು ಅಂತ. ಅದಕ್ಕೆ ಉತ್ತರ ನನಗೆ ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ಒಂದು ಸಲ ನುಂಗಿಕೊಂಡೆ. ಬರೆಯಲು ಕೂತದ್ದು ಅದಕ್ಕಾಗಿ.

ನಾನು ಗದಗಿನ ಕಡೆಯವನು. ಹುಬ್ಬಳ್ಳಿಯಲ್ಲಿ ಬಸ್ಸಿನ ಕೆಲಸ ಕಲಿತು, ಕಾಶಿಯ ಒಂದು ದೊಡ್ಡ ಸಂಸ್ಥೆಯ ಮೋಟಾರು ವರ್ಕ್‌ಶಾಪಿಗೆ ಬಂದೆ. ಮನೆ ಜಂಗಮವಾಡಿಯ ಗಲ್ಲಿಯಲ್ಲಿ, ಮಠದ ಹಿಂದೆ, ಎರಡು ಕೋಣೆ. ಸಂಸ್ಥೆಯ ಹಳೆಯ ಜೀಪುಗಳನ್ನು ಹರಾಜಿಗೆ ಹಾಕುವ ಮೊದಲು ಅವುಗಳ ಸ್ಥಿತಿ ಬರೆದುಕೊಡುವುದು ನನ್ನ ಕೆಲಸವಾಗಿತ್ತು. ಕಾಶಿಯ ಕನ್ನಡದವರೆಲ್ಲ ಸೇರಿದರೆ ಒಂದು ಮದುವೆಯ ಊಟದ ಪಂಕ್ತಿಯಷ್ಟು. ಅವರಲ್ಲಿ ಯಾರೇ ಗಾಡಿ ಕೊಳ್ಳಲಿ, ರಜೆಯ ದಿನ ನನ್ನ ಬಾಗಿಲು ತಟ್ಟುತ್ತಿದ್ದರು. ತೊಂಬತ್ತರ ದಶಕದ ಆರಂಭ ಅದು. ಮನೆಮಂದಿಯೆಲ್ಲ ಕೂರುವಂಥ, ಕೆಟ್ಟ ರಸ್ತೆಗೂ ಸೈ ಎನ್ನುವ ಡೀಸೆಲ್ ಗಾಡಿಗಳ ಮೇಲೆ ಜನಕ್ಕೆ ಆಸೆ ಹುಟ್ಟಿದ್ದ ಕಾಲ. ಹೊಸದು ಕೈಗೆಟುಕುತ್ತಿರಲಿಲ್ಲ. ಹಳೆಯದಕ್ಕೆ ನಾನು ಬೇಕಿತ್ತು.

ನನಗೆ ಕೆಲಸ ಕಲಿಸಿದವರು ಫೋರ್‌ಮನ್ ಖಲೀಲ್ ಉಸ್ತಾದ್. ಕುಳ್ಳಗೆ, ಬಾಯಿ ತುಂಬ ಪಾನ್, ಮಾತು ಕಡಿಮೆ. ಬಾಯಲ್ಲಿ ಪಾನ್ ಇದ್ದಾಗ ಮಾತಾಡಬಾರದೆಂಬುದು ಅಲ್ಲಿಯ ದೊಡ್ಡಸ್ತಿಕೆ. ಹಾಗಾಗಿ ಅವರ ಪಾಠವೆಲ್ಲ ಕೈಸನ್ನೆಯಲ್ಲೇ. ಮೊದಲ ವಾರ ನನ್ನ ಕೈ ಹಿಡಿದು ಒಂದು ಜೀಪಿನ ಬಾನೆಟ್ ಮೇಲೆ ಅಂಗೈ ಇಡಿಸಿದರು. ಆಮೇಲೆ ಹೊರಗೆ ಹೋಗಿ ಉಗುಳಿ ಬಂದು ಹೇಳಿದರು: "ಗಾಡಿ ಕೋ ಸೋತೇ ಮೇ ದೇಖೋ, ಬಸವರಾಜ್." ನಿದ್ದೆಯಲ್ಲಿದ್ದಾಗ ನೋಡು ಅಂತ. ಡೀಸೆಲ್ ಎಂಜಿನ್ ಸವೆದಿದ್ದರೆ ಅದು ಗೊತ್ತಾಗುವುದು ಬೆಳಗಿನ ಮೊದಲ ಚಾಲೂ ಹೊತ್ತಿನಲ್ಲಿ. ತಣ್ಣಗಿರುವಾಗ ಎಳೆದೆಳೆದು ಕೆಮ್ಮುತ್ತದೆ, ಬಿಳಿ ಹೊಗೆ ಉಗುಳುತ್ತದೆ. ಅದೇ ಎಂಜಿನ್ನನ್ನು ಒಂದು ಗಂಟೆ ಮೊದಲೇ ಯಾರಾದರೂ ಓಡಿಸಿ ಬಿಸಿ ಮಾಡಿಟ್ಟಿದ್ದರೆ ಕೀಲಿ ತಿರುಗಿಸಿದ ಕೂಡಲೇ ಗುರ್ ಅನ್ನುತ್ತದೆ. ನೀವು ಭಲೇ ಅನ್ನುತ್ತೀರಿ. ಮೋಸ ಹೋಗುತ್ತೀರಿ.

ಕಾಶಿಯಲ್ಲಿ ಇನ್ನೊಂದು ತೊಂದರೆ ಇತ್ತು. ಊರು ಸಪಾಟು. ಏರು ಎಂಬುದೇ ಇಲ್ಲದ ಕಡೆ ಎಂಜಿನ್ನಿನ ದಮ್ಮು ನೋಡುವುದು ಹೇಗೆ? ನಾನು ಗಾಡಿಯಲ್ಲಿ ಏಳೆಂಟು ಜನರನ್ನು ತುಂಬಿಸಿಕೊಂಡು ರಾಜಘಾಟ್ ಸೇತುವೆಗೆ ಹತ್ತುವ ರಸ್ತೆಗೆ ಹೋಗುತ್ತಿದ್ದೆ. ಅಷ್ಟು ಏರಿನಲ್ಲೇ ಮೂರನೇ ಗೇರು, ಕ್ಲಚ್ಚು, ಕೈಬ್ರೇಕು ಎಲ್ಲವೂ ತಮ್ಮ ಬಂಡವಾಳ ಬಿಚ್ಚುತ್ತಿದ್ದವು. ಬಟ್ಟೆಯಲ್ಲಿ ಸುತ್ತಿದ ಅಯಸ್ಕಾಂತ ಒಂದು ನನ್ನ ಜೇಬಿನಲ್ಲಿರುತ್ತಿತ್ತು. ಬಾಗಿಲಿನ ಮೇಲೆ ಇಟ್ಟಾಗ ಅದು ಜಾರಿದರೆ ಒಳಗೆ ತಗಡಿಲ್ಲ, ಪುಟ್ಟಿ ಮೆತ್ತಿದ್ದಾರೆ ಎಂದರ್ಥ. ಪೆಡಲಿನ ರಬ್ಬರು ಸವೆದು ನುಣ್ಣಗಾಗಿ, ಮೀಟರು ಮಾತ್ರ ಇಪ್ಪತ್ತು ಸಾವಿರ ತೋರಿಸುತ್ತಿದ್ದರೆ ಮೀಟರನ್ನು ನಂಬಬೇಡಿ, ರಬ್ಬರನ್ನು ನಂಬಿ. ಈಗಿನವರು ಎಂಜಿನ್ನಿಗೆ ತಂತಿ ಸಿಕ್ಕಿಸಿ ಪರದೆಯ ಮೇಲೆ ಓದುತ್ತಾರೆ, ಒಳ್ಳೆಯದೇ. ಪರದೆಯಲ್ಲಿ ಬರದ ಸಂಗತಿಗಳೂ ಇವೆ, ಅಷ್ಟೇ.

ಒಂದು ಉದಾಹರಣೆ ಹೇಳುತ್ತೇನೆ. ಧಾರವಾಡದ ಕುಲಕರ್ಣಿ ಎಂಬ ಪ್ರೊಫೆಸರು ಬೇಸಿಗೆ ರಜೆಗೆ ಹೆಂಡತಿ ಮಕ್ಕಳೊಂದಿಗೆ ಊರಿಗೆ ಗಾಡಿಯಲ್ಲೇ ಹೋಗಬೇಕೆಂದು ಒಂದು ಜೀಪು ನೋಡಿಟ್ಟಿದ್ದರು. ಹೊರಗೆ ಮುಖ ಕಾಣುವಷ್ಟು ಹೊಳಪು. ಎಂಜಿನ್ನೂ ಸರಿ ಇತ್ತು. ಆದರೆ ಒಳಗೆ ಕೂತಾಗ ಅತ್ತರಿನ ವಾಸನೆ ಮೂಗಿಗೆ ಹೊಡೆಯಿತು. ಜೀಪಿಗೆ ಅತ್ತರು ಯಾಕೆ? ಹಿಂದಿನ ಸೀಟು ಬಿಚ್ಚಿಸಿ, ಅದರ ಕೆಳಗಿನ ಮೂಲೆಗೆ ಬೆರಳು ಹಾಕಿ ತೆಗೆದೆ. ಬೆರಳಿಗೆ ನುಣ್ಣನೆಯ ಬೂದು ಮಣ್ಣು, ಬಿಸಿಲಿಗೆ ಹಿಡಿದರೆ ಮಿಣಮಿಣ. ಗಂಗೆಯ ಪ್ರವಾಹದ ಮಣ್ಣನ್ನು ಒಮ್ಮೆ ಮನೆಯಿಂದ ಬಳಿದು ಹಾಕಿದವರಿಗೆ ಆ ಮಿಂಚು ಮರೆಯುವುದಿಲ್ಲ. ಗಾಡಿ ವಾರಗಟ್ಟಲೆ ನೀರಲ್ಲಿ ನಿಂತಿತ್ತು. ಮಾರುವವನು ನಾಚಿಕೆಪಡುವುದು ಬಿಟ್ಟು ಕೈ ಮುಗಿದ: "ಅರೇ ಗುರು, ಗಂಗಾ ಮೈಯಾ ಕಾ ಪ್ರಸಾದ್ ಹೈ!" ಪ್ರೊಫೆಸರು ನಗುತ್ತ, "ಪ್ರಸಾದ ಅಂದಮ್ಯಾಲ ರೊಕ್ಕ ಯಾಕ ಕೇಳ್ತೀಪಾ?" ಎಂದು ಕನ್ನಡದಲ್ಲೇ ಹೇಳಿ ಎದ್ದರು. ಈ ಸಂಗತಿ ಕನ್ನಡದವರ ಮನೆಮನೆಯಲ್ಲೂ ಓಡಾಡಿತು. ನನಗೂ ಸ್ವಲ್ಪ ತಲೆ ತಿರುಗಿತು ಅನ್ನಬೇಕು.

ಆಮೇಲೆಯೇ ನಾನು ಒಂದು ಹಾಳೆ ತಯಾರು ಮಾಡಿದ್ದು. ಕನ್ನಡದಲ್ಲಿ ಇಪ್ಪತ್ತೆರಡು ಸಾಲು. ಪ್ರತಿ ಸಾಲಿನ ಮುಂದೆ ಒಂದು ಚೌಕ. ನೋಡಿದ್ದಕ್ಕೆ ಟಿಕ್, ಕೊನೆಗೆ ನನ್ನ ಸಹಿ. ಮೊದಲ ಸಾಲು: 'ತಣ್ಣನೆಯ ಎಂಜಿನ್, ದಿನದ ಮೊದಲ ಚಾಲೂ.' ಹಾಳೆಯ ಹಿಂಬದಿಯಲ್ಲಿ 'ಸಾಕುವ ಖರ್ಚು' ಎಂದು ಇನ್ನೊಂದು ಪಟ್ಟಿ. ಜನ ಕೊಳ್ಳುವ ಬೆಲೆಗೆ ಮೂರು ದಿನ ಚೌಕಾಸಿ ಮಾಡುತ್ತಾರೆ, ಸಾಕುವುದರ ಬಗ್ಗೆ ಮೂರು ನಿಮಿಷ ಯೋಚಿಸುವುದಿಲ್ಲ. ಟೈರು, ಬ್ಯಾಟರಿ, ಡೀಸೆಲ್ ಪಂಪಿನ ರಿಪೇರಿ, ವಿಮೆ, ಪರ್ಮಿಟ್ಟು. ಕಾಶಿಯಲ್ಲಿ ಇವುಗಳ ಜೊತೆಗೆ ನಾನು 'ಕೋತಿ' ಎಂದೂ ಒಂದು ಬಾಬತ್ತು ಬರೆಯುತ್ತಿದ್ದೆ. ಓದಿದವರು ನಗುತ್ತಿದ್ದರು. ವರ್ಷಕ್ಕೆರಡು ಸಲ ಸೀಟಿನ ರೆಕ್ಸಿನ್ನು, ವೈಪರಿನ ರಬ್ಬರು ಕಿತ್ತು ಹೋದಮೇಲೆ ನಗು ನಿಲ್ಲುತ್ತಿತ್ತು.

ಇನ್ನು ನರಹರಿ ಭಟ್ಟರ ವಿಷಯ.

ಭಟ್ಟರು ಮೈಸೂರು ಕಡೆಯವರು, ಎರಡು ತಲೆಮಾರಿನಿಂದ ಕಾಶಿಯಲ್ಲೇ. ಬಂಗಾಲಿ ಟೋಲಾದಲ್ಲಿ ಮನೆ. ದಕ್ಷಿಣದಿಂದ ಬಂದ ಯಾತ್ರಿಕರನ್ನು ಮನೆಯಲ್ಲೇ ಇಳಿಸಿಕೊಂಡು, ಇಲ್ಲಿಯ ಕರ್ಮ ಮುಗಿಸಿ, ಪ್ರಯಾಗಕ್ಕೂ ಗಯೆಗೂ ಕರೆದುಕೊಂಡು ಹೋಗಿ ಬರುವ ವೃತ್ತಿ. ಹೆಂಡತಿ ಲಲಿತಮ್ಮ ಅಷ್ಟೂ ಜನಕ್ಕೆ ಅಡುಗೆ ಮಾಡಿ ಬಡಿಸುವವರು. ಮೊದಲೆಲ್ಲ ಯಾತ್ರಿಕರು ರೈಲು, ಬಸ್ಸು ಅನ್ನುತ್ತಿದ್ದರು. ಆ ವರ್ಷಗಳಲ್ಲಿ ಕಾಗದ ಬರೆಯುವಾಗಲೇ "ನಿಮ್ಮಲ್ಲಿ ಗಾಡಿ ಇದೆಯೇ?" ಎಂದು ಕೇಳತೊಡಗಿದ್ದರು. ಇಲ್ಲ ಎಂದರೆ ಗಾಡಿ ಇದ್ದ ಬೇರೆ ಪುರೋಹಿತರ ಮನೆಗೆ. ಹಿಂದಿನ ವರ್ಷದ ಪಿತೃಪಕ್ಷದಲ್ಲಿ ಭಟ್ಟರ ಮನೆಯ ಮೂರು ಕೋಣೆ ಖಾಲಿ ಇದ್ದವು.

"ಇನ್ನೊಂದು ಪಕ್ಷ ಹೀಗೇ ಹೋದ್ರೆ ನಾವು ಬಾಗಿಲು ಹಾಕ್ಕೊಳ್ಳೋದೇ ಬಸಣ್ಣನವರೇ," ಎಂದರು ಲಲಿತಮ್ಮ, ನನ್ನ ಎಲೆಗೆ ಸಾರು ಬಡಿಸುತ್ತ. ಚಿನ್ನದ ಬಳೆಗಳಿದ್ದ ಅವರ ಕೈಯಲ್ಲಿ ಗಾಜಿನವು ಮಾತ್ರ ಉಳಿದಿದ್ದವು. ನಾನು ನೋಡಿದ್ದನ್ನು ಅವರೂ ನೋಡಿದರು, ಸೆರಗನ್ನು ಮಣಿಕಟ್ಟಿನವರೆಗೆ ಎಳೆದುಕೊಂಡರು.

ಗಾಡಿಯೂ ಸಿಕ್ಕಿತ್ತು. ಭೇಲೂಪುರದ ಒಬ್ಬ ಗುತ್ತಿಗೆದಾರನದು, ಹತ್ತು ಜನ ಕೂರುವ ಡೀಸೆಲ್ ಜೀಪು. ಪಿತೃಪಕ್ಷ ಶುರುವಾದರೆ ಹದಿನೈದು ದಿನ ಹೊಸ ವಸ್ತು ಕೊಳ್ಳುವಂತಿಲ್ಲ. ಗಾಡಿ ಬೇಕಾಗಿದ್ದದ್ದೂ ಆ ಹದಿನೈದು ದಿನಕ್ಕೇ. ಪಕ್ಷಕ್ಕೆ ಮೂರು ದಿನ ಉಳಿದಿತ್ತು. ಭಟ್ಟರು ಪಂಚಾಂಗ ತಿರುವಿ ಮುಹೂರ್ತ ತೆಗೆದಿದ್ದರು.

"ನಾಳೆ ಹತ್ತೂಕಾಲಿಂದ ಹತ್ತೂ ಮುಕ್ಕಾಲು. ಅದರೊಳಗೆ ನೀವು ಗಾಡಿ ನೋಡಿ ಹೂಂ ಅನ್ನಬೇಕು, ನಾನು ಮುಂಗಡ ಕೊಡಬೇಕು. ಇದು ಬಿಟ್ರೆ ಪಕ್ಷ ಶುರುವಾಗೋದ್ರೊಳಗೆ ಬೇರೆ ಇಲ್ಲ."

"ಭಟ್ರ, ನಾ ಗಾಡಿ ನೋಡೋದು ನಸುಕಿನ್ಯಾಗ. ಆರು ಗಂಟೇಕ ಹೋಗಿ ನೋಡಿ ಬಂದುಬಿಡ್ತೀನಿ. ನೀವು ಹತ್ತೂಕಾಲಿಗೆ ಬರ್ರಿ."

"ಛೆ ಛೆ, ನಾಳೆ ಹತ್ತು ಗಂಟೇವರೆಗೂ ತಿಥಿ, ನಕ್ಷತ್ರ ಯಾವುದೂ ಕೂಡಿಬರಲ್ಲ. ನೀವು ನೋಡಿದ್ರೂ ಒಂದೇ, ನಾನು ನೋಡಿದ್ರೂ ಒಂದೇ. ನಮ್ಮ ಪರವಾಗಿ ಹೋಗೋರು ತಾನೆ?"

ನಮ್ಮ ಮನೆಯಲ್ಲಿ ಮುಹೂರ್ತದ ಗೊಡವೆ ಇಲ್ಲ. ನನ್ನ ಮದುವೆಯೂ ಜನ ಸೇರಿದ ಹೊತ್ತಿಗೆ ಆಗಿತ್ತು. ಆದರೆ ಅವರ ಎಲೆಯಲ್ಲಿ ಉಂಡು, ಅವರ ಪಂಚಾಂಗಕ್ಕೆ ಎದುರಾಡುವುದು ಹೇಗೆ? ಆಯ್ತು ಅಂದೆ. ಕನ್ನಡದವರು ನಾಲ್ಕು ಜನ ಇರುವ ಊರಲ್ಲಿ ಹೀಗೆ ಆಯ್ತು ಅನ್ನುವುದು ಬಹಳ.

ಮರುದಿನ ಸರಿಯಾಗಿ ಹತ್ತೂಕಾಲಿಗೆ ಭೇಲೂಪುರದಲ್ಲಿದ್ದೆವು. ಜೀಪು ಒಂದು ಬೇವಿನ ಮರದ ಕೆಳಗೆ ನಿಂತಿತ್ತು. ಲಲಿತಮ್ಮ ತಟ್ಟೆಯಲ್ಲಿ ತೆಂಗಿನಕಾಯಿ, ಕುಂಕುಮ, ಹೂ ಇಟ್ಟುಕೊಂಡು ಒಂದು ಕಡೆ ನಿಂತರು. ಭಟ್ಟರು ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿ ಹಿಡಿದರು. ಗುತ್ತಿಗೆದಾರ ಎರಡೂ ಕೈ ಅಗಲಿಸಿ ಬಂದ: "ಕಾ ಹೋ ಮಿಸ್ತ್ರೀಜೀ! ಮಕ್ಖನ್ ಹೈ, ಮಕ್ಖನ್!" ಬೆಣ್ಣೆಯಂಥ ಗಾಡಿಯಂತೆ. ಪುರೋಹಿತರು ಹತ್ತೂಕಾಲಿಗೆ ಬರುತ್ತಾರೆಂದು ಅವನಿಗೆ ಹಿಂದಿನ ದಿನವೇ ಗೊತ್ತಿತ್ತು. ಭಟ್ಟರೇ ಹೇಳಿಕಳಿಸಿದ್ದರು.

ನಾನು ಬಾನೆಟ್ ಮೇಲೆ ಅಂಗೈ ಇಟ್ಟೆ. ಚುರ್ ಅಂದಿತು. ಕೈ ತೆಗೆದುಬಿಟ್ಟೆ. ಬಿಸಿಲಿಗೆ ಕಾದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಗಾಡಿ ನಿಂತಿದ್ದದ್ದು ನೆರಳಲ್ಲಿ.

ಆಮೇಲೆ ಉಳಿದ ಇಪ್ಪತ್ತೊಂದು ಸಾಲುಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದೆ. ಚಾಸಿಯಲ್ಲಿ ಬಿರುಕಿಲ್ಲ. ಪುಟ್ಟಿ ಇಲ್ಲ. ಸೀಟಿನ ಕೆಳಗೆ ಗಂಗೆಯ ಮಣ್ಣಿಲ್ಲ. ಮೇಲ್ಛಾವಣಿಯ ಅಂಚಿನಲ್ಲಿ ಹಗ್ಗ ಉಜ್ಜಿದ ಗೆರೆಗಳಿದ್ದವು, ಹಳ್ಳಿಗಳಿಂದ ಮಣಿಕರ್ಣಿಕೆಗೆ ಹೆಣ ಹೊತ್ತು ತರುವ ಗಾಡಿಗಳಲ್ಲಿ ಇರುವಂಥವು. ಭಟ್ಟರಿಗೆ ತೋರಿಸಿದೆ. "ಅದಿರಲಿ, ಕಾಶೀಲಿ ಅದು ಮೈಲಿಗೆ ಅಲ್ಲ," ಎಂದರು, ಗಡಿಯಾರದಿಂದ ಕಣ್ಣೆತ್ತದೆ. ಕೀಲಿ ತಿರುಗಿಸಿದೆ. ಒಂದೇ ಏಟಿಗೆ ಗುರ್ ಅಂದಿತು. ಲಲಿತಮ್ಮನ ಮುಖ ಅರಳಿತು.

"ಬಸಣ್ಣನವರೇ, ಐದೇ ನಿಮಿಷ."

ಆಗ ನಾನು ಹೇಳಬೇಕಿತ್ತು, 'ಈ ಎಂಜಿನ್ ಬಿಸಿ ಮಾಡಿ ಇಟ್ಟಾರ್ರಿ, ನಾಳೆ ನಸುಕಿನ್ಯಾಗ ಮತ್ತ ಬರ್ತೀನಿ' ಅಂತ. ಒಂದು ವಾಕ್ಯ. ಹೇಳಲಿಲ್ಲ. ಹಾಳೆ ತೆಗೆದು ಇಪ್ಪತ್ತೆರಡೂ ಚೌಕಗಳಿಗೆ ಟಿಕ್ ಹಾಕಿದೆ, ಮೊದಲನೆಯದಕ್ಕೂ. ಸಹಿ ಮಾಡಿ ಕೊಟ್ಟೆ. ಆ ಮೊದಲ ಚೌಕವನ್ನು ಖಾಲಿ ಬಿಟ್ಟಿದ್ದರೂ ಸಾಕಿತ್ತು, ಭಟ್ಟರು ಕೇಳುತ್ತಿದ್ದರು. ಖಾಲಿ ಬಿಟ್ಟ ಹಾಳೆ ಕೊಡಲು ನನಗೆ ನಾಚಿಕೆಯಾಯಿತು. ಬೆರಳಲ್ಲಿ ಗಂಗೆಯ ಮಣ್ಣು ತೆಗೆದ ಮನುಷ್ಯ ನಾನು, ನೋಡಿ!

ಪಕ್ಷದ ಹದಿನಾಲ್ಕು ದಿನ ಗಾಡಿ ಓಡಿತು. ಬೆಳಿಗ್ಗೆ ಹೊತ್ತು ಹಿಡಿಯುತ್ತದೆ, ಹಳೆಯದಲ್ಲವೇ ಎಂದು ಡ್ರೈವರು ಹೇಳುತ್ತಿದ್ದನಂತೆ. ಭಟ್ಟರು ನನ್ನ ಹಾಳೆ ತೋರಿಸಿ, "ಎಲ್ಲಾ ಸರಿ ಇದೆ ಅಂತ ಬರೆದಿದಾರೆ," ಅನ್ನುತ್ತಿದ್ದರಂತೆ. ಅದನ್ನು ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟಿದ್ದರು.

ಮಹಾಲಯ ಅಮಾವಾಸ್ಯೆಗೆ ಗಯೆಯಲ್ಲಿ ಪಿಂಡ ಹಾಕಬೇಕೆಂದು ಮಂಡ್ಯದಿಂದ ಒಬ್ಬ ನಿವೃತ್ತ ಮೇಷ್ಟ್ರು, ಅಣ್ಣತಮ್ಮಂದಿರ ಸಂಸಾರದೊಡನೆ ಬಂದಿದ್ದರು. ಅಪ್ಪನಿಗೆ ಮಾತು ಕೊಟ್ಟಿದ್ದರಂತೆ, ಅದಕ್ಕೆ ಮೂವತ್ತು ವರ್ಷ ಕಾದು ಹಣ ಕೂಡಿಸಿ ಹೊರಟವರು. ಹಿಂದಿನ ದಿನ ಹೊರಟು ಸಾಸಾರಾಮದ ಒಂದು ಧರ್ಮಶಾಲೆಯಲ್ಲಿ ತಂಗಿದರು. ರಾತ್ರಿಯೆಲ್ಲ ಮಳೆ. ಬೆಳಿಗ್ಗೆ ಎಂಜಿನ್ ಏಳಲಿಲ್ಲ. ತಳ್ಳಿದರು, ಎಳೆದರು, ಬ್ಯಾಟರಿ ಸತ್ತಿತು. ಮಿಸ್ತ್ರಿ ಬಂದು ನೋಡಿ, ಇದರಲ್ಲಿ ದಮ್ಮೇ ಇಲ್ಲ ಎಂದು ಕೈಚೆಲ್ಲಿದ. ಮಧ್ಯಾಹ್ನ ಒಂದು ಬಸ್ಸು ಹತ್ತಿ ನಿಂತುಕೊಂಡೇ ಹೋದರು. ಗಯೆ ಮುಟ್ಟಿದಾಗ ಸೂರ್ಯ ಮುಳುಗಿದ್ದ. ಮರುದಿನ ಭಟ್ಟರು ಶಾಸ್ತ್ರದ ಪ್ರಕಾರ ಆಗುವ ಪರಿಹಾರವನ್ನೆಲ್ಲ ಮಾಡಿಸಿದರು. ಮೇಷ್ಟ್ರು ಕರ್ಮ ಮುಗಿಸಿ, ದಕ್ಷಿಣೆ ಕೊಟ್ಟು, ನಮಸ್ಕಾರ ಮಾಡಿ ಹೋದರು. ಮಂಡ್ಯದ ಕಡೆಯಿಂದ ಮತ್ತೆ ಆ ಮನೆಗೆ ಯಾರೂ ಬರಲಿಲ್ಲ.

ಜೀಪನ್ನು ಲಾರಿಗೆ ಕಟ್ಟಿ ಎಳೆದು ತಂದರು. ನನ್ನ ಮೇಲೆ ಹರಿಹಾಯುತ್ತಾರೆ ಎಂದುಕೊಂಡು ಹೋದೆ. ಭಟ್ಟರು ಜಗಲಿಯ ಮೇಲೆ ಕೂತು ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. "ಬನ್ನಿ, ಕೂತ್ಕೊಳ್ಳಿ. ಮುಹೂರ್ತ ನನ್ನದು. ಎಲ್ಲೋ ಗಣಿತ ತಪ್ಪಿದೀನಿ," ಎಂದರು. ಪಂಚಾಂಗ ಪಕ್ಕದಲ್ಲೇ ಬಿಚ್ಚಿತ್ತು. ಒಳಗೆ ಲಲಿತಮ್ಮ ಪಾತ್ರೆ ತೊಳೆಯುತ್ತಿದ್ದ ಸದ್ದು ಬೇಕೆಂದೇ ಜೋರಾಗಿತ್ತು. ಇಬ್ಬರಲ್ಲಿ ಯಾರಾದರೂ ಬಯ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ರಜೆ ಹಾಕಿ, ಖಲೀಲ್ ಉಸ್ತಾದರ ಅಣ್ಣನ ಗ್ಯಾರೇಜಿನಲ್ಲಿ ನಾನೇ ಎಂಜಿನ್ ಬಿಚ್ಚಿದೆ. ಉಸ್ತಾದ್ ನೋಡಲು ಬಂದರು. ಒಂದು ಪಿಸ್ಟನ್ ಎತ್ತಿ, ರಿಂಗುಗಳನ್ನು ಹೆಬ್ಬೆರಳಿನಿಂದ ಸವರಿ, ಹೊರಗೆ ಹೋಗಿ ಪಾನ್ ಉಗುಳಿ ಬಂದರು. "ಠಂಡಾ ದೇಖಾ ಥಾ?" ತಣ್ಣಗಿದ್ದಾಗ ನೋಡಿದ್ದೆಯಾ?

"ಹಾಂ," ಅಂದೆ.

ಅವರು ಪಿಸ್ಟನ್ನನ್ನು ನನ್ನ ಕೈಗೆ ಕೊಟ್ಟು ಹೋದರು. ಅಂಥ ಎಂಜಿನ್ ತಣ್ಣಗಿದ್ದಾಗ ಒಂದೇ ಏಟಿಗೆ ಚಾಲೂ ಆಗುವುದು ಸಾಧ್ಯವಿಲ್ಲವೆಂದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತು. ಅವರು ನಿವೃತ್ತರಾಗುವವರೆಗೂ ಆಮೇಲೆ ನನಗೆ ಏನನ್ನೂ ಕಲಿಸಲಿಲ್ಲ.

ಸವೆದ ಸಿಲಿಂಡರುಗಳನ್ನು ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿ ನಿಲ್ಲಿಸಿದೆ. ಕೂಲಿ ತೆಗೆದುಕೊಳ್ಳಲಿಲ್ಲ. ಬಿಡಿಭಾಗಗಳ ಖರ್ಚೇ ಗಾಡಿಯ ಬೆಲೆಯ ಕಾಲುಭಾಗವಾಯಿತು, ಅದಕ್ಕೆ ಭಟ್ಟರು ಮನೆಯ ಎರಡು ಕೋಣೆಗಳನ್ನು ಒಬ್ಬ ಸೀರೆ ವ್ಯಾಪಾರಿಗೆ ಗೋದಾಮಾಗಿ ಬಾಡಿಗೆಗೆ ಕೊಟ್ಟರು. ಯಾತ್ರಿಕರು ಇಳಿಯುವ ಮನೆಯಲ್ಲಿ ಸೀರೆ ಗಂಟುಗಳು. ಹೋಗಿ ಬರುವಾಗಲೆಲ್ಲ ಆ ಬಾಗಿಲು ನನ್ನ ಕಣ್ಣಿಗೆ ಬೀಳುತ್ತಿತ್ತು. ಆದರೂ ಜೀಪು ಓಡಿತು. ನಿಧಾನವಾಗಿ ಮಂಡ್ಯ ಬಿಟ್ಟು ಬೇರೆ ಕಡೆಯವರು ಬಂದರು. ಎರಡು ವರ್ಷದಲ್ಲಿ ಸೀರೆ ವ್ಯಾಪಾರಿ ಕೋಣೆ ಖಾಲಿ ಮಾಡಿದ. ನಾನು ಮಾತ್ರ ಆ ಎರಡು ವರ್ಷ ಯಾರಿಗೂ ಗಾಡಿ ನೋಡಿಕೊಡಲಿಲ್ಲ. ಕೇಳಿದವರಿಗೆ ಕಣ್ಣು ಮಂಜು ಅಂದೆ.

ಒಂದು ಸಂಜೆ ಭಟ್ಟರು ಜಂಗಮವಾಡಿಗೆ ಬಂದರು. ಜೀಪನ್ನು ಕೊಂಡವನಿಗೆ ಎಲ್ಲ ಹೇಳಿಯೇ ಮಾರಿದೀನಿ, ಅದಕ್ಕಿಂತ ಹೊಸದೊಂದು ಸಿಗರಾ ಕಡೆ ಇದೆ, ನೋಡಿಕೊಡಬೇಕು ಎಂದರು.

"ಬ್ಯಾಡ್ರಿ ಭಟ್ರ, ಬ್ಯಾರೆ ಯಾರನ್ನರ ಕರಕೊಂಡು ಹೋಗ್ರಿ."

"ಮುಹೂರ್ತ ಇಟ್ಟಾಗಿದೆ. ನಾಳೆ ಬೆಳಿಗ್ಗೆ ಆರು ಗಂಟೆ. ಮಾರೋನಿಗೆ ಹೇಳಿಲ್ಲ. ಚೌಕೀದಾರನ ಹತ್ತಿರ ಕೀಲಿ ಇದೆ, ಅವನು ನಮ್ಮವನೇ."

"ಆರು ಗಂಟೇಕ ಎಂಥಾ ಮುಹೂರ್ತರಿ?"

"ನೀವು ಬನ್ನಿ."

ಹೋದೆ. ಚಳಿಗಾಲ, ಬೆಳಕು ಆಗಷ್ಟೇ ಹರಿಯುತ್ತಿತ್ತು. ಗಾಡಿಯ ಮೇಲೆಲ್ಲ ಇಬ್ಬನಿ. ಲಲಿತಮ್ಮನೂ ಬಂದಿದ್ದರು, ಶಾಲು ಹೊದ್ದು. ತಟ್ಟೆ, ತೆಂಗಿನಕಾಯಿ ಇರಲಿಲ್ಲ. ಇಬ್ಬರ ಮುಂದೆ ನಿಂತಾಗ ನನಗೆ ತಡೆಯಲಾಗಲಿಲ್ಲ.

"ಭಟ್ರ, ಅವತ್ತು ಆ ಎಂಜಿನ್ ಬಿಸಿ ಇತ್ತು. ನಾ ಸುಳ್ಳ ಟಿಕ್ ಹಾಕಿದ್ದೆ. ನಿಮ್ಮ ಗಣಿತ ತಪ್ಪಿದ್ದಿಲ್ಲ."

"ಗೊತ್ತು," ಎಂದರು ಭಟ್ಟರು. "ನೀವು ಕೈ ಇಟ್ಟು ಚಟ್ಟನೆ ತೆಗೆದದ್ದನ್ನ ನೋಡಿದೆ. ಯಾಕೆ ಅಂತ ಕೇಳಿದ್ರೆ ನೀವು ನಿಜ ಹೇಳಿಬಿಡ್ತಿದ್ರಿ. ನಿಜ ಹೇಳಿದ್ರೆ ಮುಹೂರ್ತ ಮೀರೋದು, ಪಕ್ಷ ಕೈಬಿಡೋದು. ಅದಕ್ಕೇ ಗಡಿಯಾರ ನೋಡ್ತಾ ನಿಂತೆ. ಆ ಮೇಷ್ಟ್ರು ಗಯೇಲಿ ನನ್ನ ಕಾಲಿಗೆ ನಮಸ್ಕಾರ ಮಾಡಿದಾಗ ಒಂದು ಮಾತು ಹೇಳೋಕೂ ನನಗೆ ಬಾಯಿ ಬರಲಿಲ್ಲ."

ಲಲಿತಮ್ಮ ಗಂಡನ ಮುಖವನ್ನೂ ನನ್ನ ಮುಖವನ್ನೂ ನೋಡಿದರು. "ಇಬ್ಬರೂ ಇದನ್ನ ಎರಡು ವರ್ಷ ಹೊಟ್ಟೇಲಿಟ್ಕೊಂಡು ನಮ್ಮನೇಲಿ ಕೂತು ಊಟ ಮಾಡಿದ್ರಾ?" ಎಂದರು.

ನಾನು ಜೇಬಿನಿಂದ ಹಾಳೆ ತೆಗೆದೆ. ಪೆನ್ನು ತೆರೆಯುವಷ್ಟರಲ್ಲಿ ಲಲಿತಮ್ಮ ಮುಂದೆ ಬಂದು, ಶಾಲಿನೊಳಗಿಂದ ಕೈ ಹೊರಗೆ ಚಾಚಿ, ಇಬ್ಬನಿ ಒರೆಸಿ, ಬಾನೆಟ್ ಮೇಲೆ ಅಂಗೈ ಊರಿದರು. ಬಹಳ ಹೊತ್ತು ತೆಗೆಯಲಿಲ್ಲ.

"ತಣ್ಣಗಿದೆ," ಎಂದರು. "ಈಗ ಬರೀರಿ."